ಫೋಟೋ ಹಂಚುತ್ತೇನೆ, ದಾರಿ ಹೇಳುವುದಿಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಮೇಘಾಲಯದ ಆ ಗುಹೆಯ ಫೋಟೋ ಹಾಕಿದೆ, ಸರಿ, ಆದರೆ ಊರಿನ ಹೆಸರು ಯಾಕೆ ಹಾಕಲಿಲ್ಲ, ಲೊಕೇಶನ್ ಕೇಳಿದವರಿಗೆ ಯಾಕೆ ಉತ್ತರ ಕೊಡಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀಯ. ಬಚ್ಚಿಡೋದೇ ಆದರೆ ತೋರಿಸೋದಾದರೂ ಯಾಕೆ ಅಂತಲೂ ಕೇಳಿದ್ದೀಯ. ನ್ಯಾಯವಾದ ಪ್ರಶ್ನೆ. ಫೋನಿನಲ್ಲಿ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. ಇದೇ ಮಾತನ್ನು ಇನ್ನೂ ಕೆಲವರು ಕೇಳಿದ್ದಾರೆ, ಹಾಗಾಗಿ ನಿನಗೆ ಬರೆದ ಪತ್ರವನ್ನೇ ಎಲ್ಲರೂ ಓದಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಆ ಫೋಟೋ ಹೇಗೆ ಬಂತು ಅಂತ ಹೇಳುತ್ತೇನೆ. ಅದು ಗೊತ್ತಾದರೆ ಉಳಿದದ್ದು ಅರ್ಥವಾಗುತ್ತದೆ.

ಗುಹೆಯ ಬಾಯಿಂದ ಒಂದೆರಡು ತಿರುವು ದಾಟಿದರೆ ಬೆಳಕು ಪೂರ್ತಿ ನಿಂತುಹೋಗುತ್ತದೆ. ನಮ್ಮ ಹಳ್ಳಿಯ ಅಮಾವಾಸ್ಯೆ ರಾತ್ರಿಯಲ್ಲೂ ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ, ಅಲ್ವಾ? ಅಲ್ಲಿ ಎಷ್ಟು ಹೊತ್ತು ನಿಂತರೂ ಏನೂ ಕಾಣುವುದಿಲ್ಲ. ಫೋಟೋದಲ್ಲಿ ನೀನು ನೋಡಿದ ಬೆಳಕಷ್ಟೂ ನಾವು ಹೊತ್ತುಕೊಂಡು ಹೋದದ್ದು. ಟ್ರೈಪಾಡ್ ಮೇಲೆ ಕ್ಯಾಮರಾ ಇಟ್ಟು, ಎಲ್ಲರ ಹೆಡ್‌ಲ್ಯಾಂಪ್ ಆರಿಸಿ, ಶಟರ್ ತೆರೆದಿಟ್ಟೆವು. ಆ ಕತ್ತಲಲ್ಲಿ ಒಬ್ಬರು ಬಂಡೆಯ ಹಿಂದಿನಿಂದ ಒಂದು ಫ್ಲ್ಯಾಶ್ ಹೊಡೆದರು. ಇನ್ನೊಬ್ಬರು ದೂರದ ತಿರುವಿನಲ್ಲಿ ಇನ್ನೊಂದು. ಆಮೇಲೆ ಶಟರ್ ಮುಚ್ಚಿದೆ. ಅಷ್ಟೂ ಬೆಳಕು ಸೇರಿ ಒಂದು ಚಿತ್ರ.

ಹೇಳೋಕೆ ಸುಲಭ. ಆದರೆ ಒಳಗೆ ಹರಿಯುವ ನೀರಿನಲ್ಲೇ ದಾರಿ, ಕೆಲವು ಕಡೆ ಎದೆಮಟ್ಟ. ಕ್ಯಾಮರಾ ನೀರು ನುಗ್ಗದ ಗಟ್ಟಿ ಪೆಟ್ಟಿಗೆಯಲ್ಲಿರುತ್ತದೆ. ಆ ಪೆಟ್ಟಿಗೆ ತೆರೆಯುವ ಮುಂಚೆ ಕೈ ಒಣಗಿರಬೇಕು, ಕೆಸರು ಇರಬಾರದು. ಅದಕ್ಕೇ ಪಾಲಿಥಿನ್ ಕವರಿನಲ್ಲಿ ಸುತ್ತಿದ ಒಂದು ಒಣ ಟವೆಲ್ ಯಾವಾಗಲೂ ಜೊತೆಗಿರುತ್ತದೆ. ನನ್ನ ಬ್ಯಾಗಿನಲ್ಲಿ ಲೆನ್ಸ್‌ಗಿಂತ ಅದನ್ನೇ ಜಾಸ್ತಿ ಜೋಪಾನ ಮಾಡುತ್ತೇನೆ. ಇನ್ನು ಉಸಿರು. ಗಾಳಿಯಲ್ಲಿ ತೇವ ತುಂಬಿರುವುದರಿಂದ ನಾವು ಬಿಟ್ಟ ಉಸಿರು ಮಂಜಾಗಿ ಮುಖದ ಮುಂದೆಯೇ ನಿಲ್ಲುತ್ತದೆ. ಕ್ಯಾಮರಾ ಮೇಲಿನ ಫ್ಲ್ಯಾಶ್ ಹೊಡೆದರೆ ಮೊದಲು ಬೆಳಗುವುದು ಆ ಮಂಜು, ಗುಹೆಯಲ್ಲ. ಚಿತ್ರದ ತುಂಬ ಬಿಳಿ ಚುಕ್ಕೆ. ಆದ್ದರಿಂದ ಫ್ಲ್ಯಾಶ್ ಯಾವಾಗಲೂ ಕ್ಯಾಮರಾದಿಂದ ದೂರ ಇರಬೇಕು, ಹೊಡೆಯುವ ಹೊತ್ತಿಗೆ ಹತ್ತಿರದವರೆಲ್ಲ ಉಸಿರು ಬಿಗಿಹಿಡಿಯಬೇಕು.

ಫೋಟೋದಲ್ಲಿ ನಿಂತಿರುವ ಕೆಂಪು ಬಟ್ಟೆಯವರು ಯಾರು ಅಂತಲೂ ಕೇಳಿದ್ದೀಯ. ಜೊತೆಗೆ ಬಂದವರೇ. ಅಂದಕ್ಕೆ ನಿಲ್ಲಿಸಿದ್ದಲ್ಲ. ಗುಹೆಯ ಚಿತ್ರದಲ್ಲಿ ಒಬ್ಬ ಮನುಷ್ಯ ಇಲ್ಲದಿದ್ದರೆ ಅದು ಅಡುಗೆಮನೆಯಷ್ಟು ಜಾಗವೋ ದೇವಸ್ಥಾನದ ಪ್ರಾಂಗಣದಷ್ಟೋ ನೋಡುವವರಿಗೆ ತಿಳಿಯುವುದೇ ಇಲ್ಲ.

ಈಗ ಆ ಚಿತ್ರವನ್ನು ಇನ್ನೊಮ್ಮೆ ತೆರೆದು ಮೇಲ್ಭಾಗ ದೊಡ್ಡದು ಮಾಡಿ ನೋಡು. ಚಾವಣಿಯಿಂದ ಇಳಿದಿರುವ ಸಣ್ಣ ಕೊಳವೆಗಳು ಕಾಣುತ್ತವೆ. ಎಳನೀರು ಕುಡಿಯುವ ಸ್ಟ್ರಾದಷ್ಟೇ ದಪ್ಪ, ಒಳಗೆ ಟೊಳ್ಳು. ಪ್ರತಿಯೊಂದರ ತುದಿಯಲ್ಲೂ ಒಂದು ಹನಿ ನಿಂತಿದೆ. ಹನಿ ಬೀಳುವ ಮುಂಚೆ ತುದಿಯ ಸುತ್ತ ಕಣ್ಣಿಗೆ ಕಾಣದಷ್ಟು ತೆಳುವಾದ ಸುಣ್ಣದ ಉಂಗುರ ಬಿಟ್ಟುಹೋಗುತ್ತದೆ. ಆ ಉಂಗುರಗಳೇ ಸೇರಿ ಕೊಳವೆಯಾಗುವುದು. ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಹಿಂದಿನಿಂದ ಬೆಳಕು ಬಿಟ್ಟಾಗ ಕೊಳವೆಯ ತೆಳು ಗೋಡೆಯ ಮೂಲಕ ಬೆಳಕು ಹಾದು, ಒಳಗೆ ಇಳಿಯುತ್ತಿರುವ ನೀರು ಕಂಡಿತು. ನಾನು ಅಷ್ಟು ಹೊತ್ತು ಕ್ಯಾಮರಾ ಬಿಟ್ಟು ಅದನ್ನೇ ನೋಡುತ್ತಾ ನಿಂತಿದ್ದೆ. ಒಂದು ಹೆಲ್ಮೆಟ್ ತಾಗಿದರೆ, ಯಾರೋ ಸೆಲ್ಫಿ ಸ್ಟಿಕ್ ಎತ್ತಿದರೆ, ಒಂದು ಸಾಲಿಗೆ ಸಾಲೇ ಉದುರುತ್ತದೆ. ಕೈಯಿಂದ ಮುಟ್ಟಿದರೂ ಸಾಕು, ಬೆರಳಿನ ಎಣ್ಣೆಯಂಶ ಅಂಟಿ ಅಲ್ಲಿ ಸುಣ್ಣ ಕೂರುವುದು ಕೆಡುತ್ತದೆ, ಕಲೆ ಉಳಿಯುತ್ತದೆ. ಮತ್ತೆ ಬೆಳೆಯುವವರೆಗೆ ನೀನೂ ನಾನೂ ಇರುವುದಿಲ್ಲ, ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಇರುವುದಿಲ್ಲ.

ಮುರಿದರೆ ಹೋಗುವುದು ಬರೀ ಅಂದವಲ್ಲ. ಚಿರಾಪುಂಜಿಯ ಹತ್ತಿರದ ಕ್ರೆಮ್ ಮಾವ್ಮ್ಲುಹ್ ಗುಹೆಯ ಹೆಸರು ಕೇಳಿರಬಹುದು. ಅಲ್ಲಿ ನೆಲದಿಂದ ಮೇಲೆದ್ದ ಒಂದು ಸುಣ್ಣದ ಕಂಬವನ್ನು ವಿಜ್ಞಾನಿಗಳು ಪದರ ಪದರವಾಗಿ ಪರೀಕ್ಷೆ ಮಾಡಿದರು. ಪ್ರತಿ ಪದರದಲ್ಲೂ ಅದು ಬೆಳೆದ ಕಾಲದ ಮಳೆಯ ಗುರುತಿರುತ್ತದೆ. ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಸೊರಗಿದ ಗುರುತು ಅದರಲ್ಲಿ ಸ್ಪಷ್ಟವಾಗಿ ಸಿಕ್ಕಿತು. ಆ ಕಂಬವನ್ನೇ ಆಧಾರವಾಗಿಟ್ಟುಕೊಂಡು 2018ರಲ್ಲಿ ಅಲ್ಲಿಂದ ಇಲ್ಲಿಯವರೆಗಿನ ಕಾಲಕ್ಕೆ ಮೇಘಾಲಯನ್ ಯುಗ ಅಂತ ಭೂವಿಜ್ಞಾನಿಗಳು ಹೆಸರಿಟ್ಟರು. ನಾವು ಈಗ ಇರುವುದು ಅದೇ ಯುಗದಲ್ಲಿ. ಅಂಥದ್ದೇ ಒಂದು ತುಂಡನ್ನು ಯಾರೋ ಮುರಿದು ಮನೆಯ ಶೋಕೇಸಿನಲ್ಲಿಟ್ಟರೆ ಅದರಲ್ಲಿ ಬರೆದದ್ದನ್ನು ಓದುವವರು ಯಾರು? ಹಾಗೆ ಮುರಿದ ಬುಡಗಳನ್ನು ದಾರಿ ಸುಲಭವಿರುವ ಗುಹೆಗಳಲ್ಲಿ ನೋಡಿದ್ದೇನೆ. ನೋಡಿದಾಗ ಹೊಟ್ಟೆ ಉರಿಯುತ್ತದೆ.

ದೂರದ ಮೇಘಾಲಯದ ಮಾತು ಬಿಡು, ನಮ್ಮ ಕೋಲಾರ ಜಿಲ್ಲೆಗೆ ಬಾ. ಅಲ್ಲಿನ ಒಂದು ಬಂಡೆಗುಹೆಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ ಇದೆ. ಇಡೀ ಜಗತ್ತಿನಲ್ಲಿ ಅದು ಈಗ ಉಳಿದಿರುವುದು ಅಲ್ಲೊಂದೇ ಕಡೆ ಅಂತ ಗೊತ್ತಾಗಿದೆ, ಇನ್ನೂರಕ್ಕಿಂತ ಕಡಿಮೆ. ಸುತ್ತ ಗ್ರಾನೈಟ್ ಗಣಿಗಾರಿಕೆಯ ಕಾಟ ಬೇರೆ. ಊರಿನ ಹೆಸರು ಹುಡುಕಿದರೆ ಸಿಗುತ್ತದೆ, ಆದರೆ ನಾನಾಗಿ ಬರೆಯುವುದಿಲ್ಲ. ಮರಿ ಹಾಕಿದ ಕಾಲದಲ್ಲಿ ಬಾವಲಿಗಳ ಮೇಲೆ ಒಂದೇ ಸಮನೆ ಫ್ಲ್ಯಾಶ್ ಹೊಡೆದರೆ ತಾಯಂದಿರು ಗಾಬರಿಯಾಗಿ ಹಾರುತ್ತವೆ, ಹಿಡಿತ ತಪ್ಪಿದ ಮರಿ ಕೆಳಗೆ ಬೀಳುತ್ತದೆ. ಸಾವಿರಗಟ್ಟಲೆ ಇರುವ ಜಾತಿಗೆ ಅದು ಸಣ್ಣ ನಷ್ಟ ಇರಬಹುದು. ಇವುಗಳಿಗೆ ಅಲ್ಲ. ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಯದೂ ಹೀಗೇ ಒಂದು ಕತೆ. ಅಲ್ಲಿನ ರಾಟನ್ಸ್ ಬಾವಲಿ ಬೇರೆಲ್ಲೂ ಇಲ್ಲ ಅಂತ ಬಹಳ ಕಾಲ ಅಂದುಕೊಂಡಿದ್ದರು. ಆಮೇಲೆ ಮೇಘಾಲಯದ ಒಂದು ಗುಹೆಯಲ್ಲೂ ಸಿಕ್ಕಿತು. ಬಾರಾಪೇಡೆ ಸುತ್ತಲಿನ ಕಾಡು 2011ರಲ್ಲಿ ಭೀಮಗಡ ಅಭಯಾರಣ್ಯವಾಯಿತು, ಅಷ್ಟರಮಟ್ಟಿಗೆ ಸಮಾಧಾನ.

ಹಾಗಾದರೆ ತೋರಿಸಲೇಬಾರದು ಅಂತೀಯಾ? ಇಲ್ಲ. ತೋರಿಸಲೇಬೇಕು ಅನ್ನುವವನು ನಾನು.

ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಸುಣ್ಣದಕಲ್ಲಿಗೂ ಕಲ್ಲಿದ್ದಲಿಗೂ ನೆಲ ಅಗೆಯುತ್ತಾರೆ. ಮೇಲಿನಿಂದ ನೋಡಿದರೆ ಹುಲ್ಲುಗಾವಲು, ಒಂದಷ್ಟು ಗುಂಡಿ. ಕೆಳಗಿರುವುದು ಕ್ರೆಮ್ ಲಿಯಾಟ್ ಪ್ರಾಹ್‌ನಂಥ, 30 ಕಿಲೋಮೀಟರಿಗೂ ಉದ್ದದ ಗುಹೆ. ಕಾಡು ಕಡಿದರೆ ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತದೆ. ಗುಹೆಯೊಂದು ಹೋದರೆ ಯಾರಿಗೂ ಕಾಣುವುದಿಲ್ಲ. ಅದಿತ್ತು ಅನ್ನುವುದಕ್ಕೆ ಉಳಿಯುವುದು ಒಂದು ನಕ್ಷೆ, ಕೆಲವು ಫೋಟೋ. ಮೇಘಾಲಯ ಅಡ್ವೆಂಚರರ್ಸ್ ಅಸೋಸಿಯೇಶನ್‌ನವರು ಹೊರದೇಶದ ಗುಹೆ ಹುಡುಕುವವರ ಜೊತೆ ಸೇರಿ 1992ರಿಂದ ಅಲ್ಲಿ ಅಳತೆ ಮಾಡುತ್ತಾ, ನಕ್ಷೆ ಬರೆಯುತ್ತಾ ಬಂದಿದ್ದಾರೆ. ಅವರ ಆ ಕೆಲಸ ಇಲ್ಲದಿದ್ದರೆ ನಮ್ಮಂಥವರಿಗೆ ಅಲ್ಲಿ ಇಂಥದ್ದೊಂದು ಇದೆ ಅಂತಲೇ ತಿಳಿಯುತ್ತಿರಲಿಲ್ಲ. ಕ್ರೆಮ್ ಉಮ್ ಲಡಾವ್ ಗುಹೆಯ ಬಿಳಿ ಮೀನನ್ನೇ ನೋಡು. ಬಣ್ಣವಿಲ್ಲ, ಕಣ್ಣಿನ ಗುರುತೂ ಸರಿಯಾಗಿಲ್ಲ, 40 ಸೆಂಟಿಮೀಟರಿಗೂ ಉದ್ದ. ಗುಹೆಯೊಳಗೇ ಬದುಕುವ ಮೀನುಗಳಲ್ಲಿ ಜಗತ್ತಿನಲ್ಲೇ ದೊಡ್ಡದು. 2023ರಲ್ಲಿ ಅದಕ್ಕೆ ಅಲ್ಲಿನ ಪ್ನಾರ್ ಜನರ ಹೆಸರಿಟ್ಟರು. ಅದರ ಚಿತ್ರ ನೋಡಿದ ಮೇಲೆ ಆ ಬೆಟ್ಟ ಬರೀ ಸುಣ್ಣದಕಲ್ಲಿನ ರಾಶಿಯಾಗಿ ಕಾಣುತ್ತದಾ ನಿನಗೆ?

ಇದೇನೂ ಇವತ್ತಿನ ಹಂಬಲವಲ್ಲ. 1866ರಲ್ಲಿ ಚಾರ್ಲ್ಸ್ ವಾಲ್ಡಾಕ್ ಅನ್ನುವ ಫೋಟೋಗ್ರಾಫರ್ ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ ಮೆಗ್ನೀಸಿಯಂ ಉರಿಸಿ ಚಿತ್ರ ತೆಗೆದ. ಮೆಗ್ನೀಸಿಯಂ ಆಗ ತುಂಬಾ ದುಬಾರಿ, ಉರಿದರೆ ದಟ್ಟ ಬಿಳಿ ಹೊಗೆ. ಗಾಜಿನ ಫಲಕಕ್ಕೆ ಮದ್ದು ಬಳಿದು, ಅದು ಒಣಗುವ ಮುಂಚೆ ಚಿತ್ರ ಹಿಡಿದು ತೊಳೆಯಬೇಕಾದ ಕಾಲ ಅದು. ಆ ಚಿತ್ರಗಳು ಜೋಡಿಚಿತ್ರದ ಕಾರ್ಡುಗಳಾಗಿ ಮಾರಾಟವಾದವು. ಜನ ಮನೆಯಲ್ಲಿ ಕೂತು ಎರಡು ಗಾಜಿನ ನೋಟಕದಲ್ಲಿಟ್ಟು ನೋಡಿದರೆ ಗುಹೆ ಆಳವಾಗಿ ಎದ್ದು ಕಾಣುತ್ತಿತ್ತು. ಕೆಂಟಕಿಗೆ ಎಂದೂ ಹೋಗಲಾಗದವರೂ ಹೀಗೆ ಆ ಗುಹೆ ಕಂಡರು.

ಹಂಚುವುದರಲ್ಲಿ ನಾನು ಪಾಲಿಸುವ ಕ್ರಮ ಕೇಳಿದ್ದೀಯಲ್ಲ, ಹೇಳಿಬಿಡುತ್ತೇನೆ. ಮೊದಲು ಚಿತ್ರ ನೋಡಬೇಕಾದವರು ಆ ಊರಿನವರು. ಮೇಘಾಲಯದಲ್ಲಿ ಭೂಮಿ ಬಹುಪಾಲು ಕುಲದ್ದು, ಊರಿನದ್ದು. ಮುಖ್ಯಸ್ಥರನ್ನು ಕೇಳದೆ ಗುಹೆಗೆ ಇಳಿಯುವಂತಿಲ್ಲ. ನಾವು ಹೊರಬಂದ ಸಂಜೆ ಊರಿನ ಹಿರಿಯರೊಬ್ಬರಿಗೆ ಕ್ಯಾಮರಾದ ಪರದೆಯಲ್ಲೇ ತೋರಿಸಿದೆ. ಮಳೆಗಾಲದಲ್ಲಿ ನೀರು ನುಂಗುವ ಗುಂಡಿ ಅಂತಷ್ಟೇ ಅವರಿಗೆ ಗೊತ್ತಿತ್ತು. ತಮ್ಮ ಹೊಲದ ಕೆಳಗೆ ಇಷ್ಟು ದೊಡ್ಡ ಜಾಗ ಇದೆಯಾ ಅಂತ ಮತ್ತೆ ಮತ್ತೆ ಕೇಳಿದರು, ಮನೆಯವರನ್ನೆಲ್ಲ ಕರೆದರು, ಒಂದು ಪ್ರಿಂಟ್ ಬೇಕು ಅಂದರು. ಕಳಿಸಿದೆ. ಊರಿನ ಹೆಸರು ಹಾಕುವುದು ಬೇಡ ಅಂತ ಅವರೂ ಹೇಳಿದ್ದರು. ಅಲ್ಲಿಗೆ ನನ್ನ ಮಟ್ಟಿಗೆ ಮಾತು ಮುಗಿಯಿತು.

ಆಮೇಲೆ ಅಡಿಬರಹ. ರಾಜ್ಯದ ಹೆಸರು ಸಾಕು, ಜಾಸ್ತಿ ಅಂದರೆ ಜಿಲ್ಲೆ. ಅದರ ಬದಲು ಬೆಳಕು ಎಲ್ಲಿಂದ ಬಂತು, ಎಷ್ಟು ಜನ ಹಿಡಿದಿದ್ದರು ಅಂತ ಬರೆಯುತ್ತೇನೆ. ಬಣ್ಣ ಕೂರಿಸುವುದಿಲ್ಲ. ಕಲ್ಲು ಕಂದುಬಣ್ಣ ಇದ್ದರೆ ಕಂದುಬಣ್ಣವೇ ಇರಲಿ. ಇನ್ನೊಂದು ಸಣ್ಣ ವಿಷಯ, ಹೆಚ್ಚಿನವರು ಗಮನಿಸುವುದಿಲ್ಲ. ಗುಹೆಯೊಳಗೆ ಜಿಪಿಎಸ್ ಸಿಗುವುದಿಲ್ಲ, ನಿಜ. ಆದರೆ ಗುಹೆಯ ಬಾಯಿಯಲ್ಲಿ ಫೋನಿನಿಂದ ತೆಗೆದ ಗ್ರೂಪ್ ಫೋಟೋದಲ್ಲಿ ಆ ಜಾಗದ ಗುರುತು ಕೂತಿರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಕ್ಯಾಮರಾ ಆ್ಯಪ್‌ನಲ್ಲಿ ಲೊಕೇಶನ್ ಆಫ್ ಮಾಡಿಯೇ ಹೊರಡು. ಬಾಯಿಯ ಆಚೆ ಕಾಣುವ ಬೆಟ್ಟದ ಸಾಲು, ಚರ್ಚಿನ ಗೋಪುರ ಕೂಡ ದಾರಿ ಹೇಳಿಬಿಡುತ್ತವೆ. ಅಂಥ ಫೋಟೋ ನಾನು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ.

ನಿನಗೆ ಗುಹೆ ನೋಡಬೇಕು, ತೆಗೆಯಬೇಕು ಅಂತ ಆಸೆಯಾಗಿದೆ. ಅದು ನನಗೆ ಖುಷಿ. ಬೇಲಂ ಗುಹೆಗೆ ಹೋಗು. ಆಂಧ್ರದ ನಂದ್ಯಾಲ ಜಿಲ್ಲೆ, ತಾಡಿಪತ್ರಿಯಿಂದ ಸುಮಾರು 30 ಕಿಲೋಮೀಟರ್. ಬಳ್ಳಾರಿ ಕಡೆಯ ಶಿಲಾಯುಗದ ನೆಲೆಗಳನ್ನು ಅಧ್ಯಯನ ಮಾಡಿದ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ಅದರ ಬಗ್ಗೆ ಬರೆದಿದ್ದ. ಸುಮಾರು ನೂರು ವರ್ಷದ ನಂತರ ಜರ್ಮನಿಯ ಡೇನಿಯಲ್ ಗೆಬಾವರ್ ತಂಡ ಅಳತೆ ಮಾಡಿತು. ಒಟ್ಟು 3,229 ಮೀಟರ್, ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಜನರಿಗೆ ತೆರೆದಿದೆ. ದಾರಿ ಇದೆ, ದೀಪ ಇದೆ, ಟಿಕೆಟ್ ಇದೆ. ಅದರ ಹೆಸರನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಬೇಕಾದರೂ ಹಾಕು. ಜನ ಬರಲಿ ಅಂತಲೇ ಅದನ್ನು ಸಿದ್ಧ ಮಾಡಿರುವುದು.

ಒಳಗೆ ಸೆಖೆ ಜಾಸ್ತಿ, ಬೆವರು ಸುರಿಯುತ್ತದೆ. ಎಸಿ ಕಾರಿನಿಂದ ಇಳಿದು ನೇರ ಒಳಗೆ ಹೋದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಕಾರಿನಲ್ಲಿ ಬರುವಾಗಲೇ ಕ್ಯಾಮರಾ ಡಿಕ್ಕಿಯಲ್ಲಿಡು, ಒಳಗೆ ಹೋದ ಮೇಲೂ ಸ್ವಲ್ಪ ಹೊತ್ತು ಬ್ಯಾಗಿನಲ್ಲೇ ಇರಲಿ. ಟ್ರೈಪಾಡ್ ಬಿಡುತ್ತಾರಾ ಅಂತ ಟಿಕೆಟ್ ಕೊಡುವಲ್ಲೇ ಕೇಳು. ಬಿಡದಿದ್ದರೆ ದಾರಿಯ ಪಕ್ಕದ ಕಂಬಿಗೆ ಕ್ಯಾಮರಾ ಒತ್ತಿಹಿಡಿದು ಶಟರ್ ನಿಧಾನ ಮಾಡು. ದೀಪಗಳ ಬಣ್ಣ ಬೇರೆ ಬೇರೆ ಇರುವುದರಿಂದ ರಾ ಫೈಲ್‌ನಲ್ಲೇ (ಕ್ಯಾಮರಾ ತಾನಾಗಿ ತಿದ್ದದೆ ಉಳಿಸುವ ಫೈಲ್) ತೆಗೆ, ಆಮೇಲೆ ಸರಿ ಮಾಡಬಹುದು. ಕೋಟಿಲಿಂಗದ ಭಾಗದಲ್ಲಿ ಚಾವಣಿಯಿಂದ ಇಳಿದ ಸುಣ್ಣದ ರಚನೆಗಳು ಸಾವಿರಾರು ಲಿಂಗಗಳ ಹಾಗೆ ಕಾಣುತ್ತವೆ. ಅಲ್ಲಿ ಅವಸರ ಮಾಡಬೇಡ. ಎಲ್ಲರೂ ಮುಂದೆ ಹೋಗಲಿ, ನೀನು ಹಿಂದೆ ಉಳಿ. ಪಾತಾಳಗಂಗೆಯವರೆಗೂ ಇಳಿ, ಅದೇ ತೀರಾ ಆಳದ ಜಾಗ, 46 ಮೀಟರ್ ಕೆಳಗೆ. ಮಗಳನ್ನು ಕರೆದುಕೊಂಡು ಹೋಗು, ಚಿತ್ರದಲ್ಲಿ ನಿಲ್ಲುವುದಕ್ಕೆ ಒಬ್ಬರು ಬೇಕು. ತಿಳಿಬಣ್ಣದ ಬಟ್ಟೆ ಹಾಕಿಸು.

ಮಳೆ ನಿಂತ ಮೇಲೆ ಹೋಗು, ಬಿಸಿಲು ಏರುವ ಮುಂಚೆ ಬೆಳಿಗ್ಗೆಯೇ ಒಳಗಿರು. ನನ್ನ ಹತ್ತಿರ ಹೆಚ್ಚಿಗೆ ಒಂದು ಫ್ಲ್ಯಾಶ್, ರಿಮೋಟ್ ಟ್ರಿಗರ್ ಇವೆ. ದಿನ ಗೊತ್ತಾದ ಕೂಡಲೇ ತಿಳಿಸು, ಹಿಂದಿನ ವಾರವೇ ಕೊರಿಯರ್ ಮಾಡುತ್ತೇನೆ. ತೆಗೆದದ್ದನ್ನು ತಿದ್ದದೆ ಹಾಗೇ ನನಗೆ ಕಳಿಸು, ಒಟ್ಟಿಗೆ ಕೂತು ನೋಡೋಣ.

ನಿನ್ನ ಗೆಳೆಯ