ಬಿಡಿ ಕೇಬಲ್ ಮಾರಾಟ ಯಾಕೆ ನಿಲ್ಲಿಸಿದೆವು: ಡಿಕ್ಕಿ ಬ್ಯಾಟರಿ ಕಿಟ್ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಬಾನೆಟ್ ಒಳಗಿನ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸುವ ಕೆಲಸಕ್ಕೆ ಇನ್ನು ಮುಂದೆ ನಾವು ಮೀಟರ್ ಲೆಕ್ಕದಲ್ಲಿ ಕೇಬಲ್ ಕೊಡುವುದಿಲ್ಲ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಪೂರ್ತಿ ಸೆಟ್ ಮಾತ್ರ. ಕೇಬಲ್, ಲಗ್ (ಕೇಬಲಿನ ತುದಿಗೆ ಒತ್ತುವ ಲೋಹದ ಕಿವಿ), ಫ್ಯೂಸ್, ಗ್ರೋಮೆಟ್ (ತಗಡಿನ ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ), ಮುಚ್ಚಳವಿರುವ ಬ್ಯಾಟರಿ ಡಬ್ಬಿ, ಗಾಳಿ ಪೈಪು, ಬಿಗಿಯುವ ಪಟ್ಟಿ, ಎಲ್ಲಾ ಒಟ್ಟಿಗೆ. ಬೆಲೆಯೂ ಏರಿದೆ. ಹೊಸ ಪಟ್ಟಿ ಈ ಪತ್ರದ ಜೊತೆಗಿದೆ.

ಬೆಲೆ ನೋಡಿ ಬೇಸರವಾಗುವುದು ಸಹಜ. ಅದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ಕಳೆದ ಕೆಲವು ವಾರಗಳಿಂದ ಕೌಂಟರಿನಲ್ಲೂ ಫೋನಿನಲ್ಲೂ ಕೇಳಿದ ಕೆಲವು ಮಾತುಗಳು ನಮಗೆ ನೋವು ತಂದಿವೆ. ಅದಕ್ಕೆ ಲೆಕ್ಕ ಬಿಚ್ಚಿಡುವುದೇ ವಾಸಿ ಅನ್ನಿಸಿತು.

"ಜಿಎಸ್‌ಟಿ ಇಳಿದಿದೆ, ನಿಮ್ಮ ಅಂಗಡಿಯಲ್ಲಿ ಮಾತ್ರ ಏರಿಕೆ" ಅಂದರು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬ್ಯಾಟರಿ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ನಿಜ. ನಾವು ಮಾರುವ ಬ್ಯಾಟರಿಯ ಬೆಲೆಯನ್ನು ಅಷ್ಟೇ ಇಳಿಸಿದ್ದೇವೆ, ಬಿಲ್ ನೋಡಬಹುದು. ಕೇಬಲ್ ಮೇಲೆ ಮುಂಚೆಯೂ ಶೇಕಡಾ 18 ಇತ್ತು, ಈಗಲೂ 18. ಕಿಟ್ಟಿನಲ್ಲಿ ಬ್ಯಾಟರಿ ಇರುವುದಿಲ್ಲ. ಇಳಿಸುವುದಕ್ಕೆ ಅಲ್ಲಿ ಇಳಿದದ್ದು ಏನು?

ಏರಿದ್ದು ತಾಮ್ರ. 2020ರ ಮಾರ್ಚ್‌ನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ಟನ್ ತಾಮ್ರ 5,000 ಡಾಲರಿಗಿಂತ ಕೆಳಗಿತ್ತು. 2024ರ ಮೇ ತಿಂಗಳಲ್ಲಿ 11,000 ದಾಟಿತು. ಹಳೆಯ ದರಕ್ಕೆ ಇಳಿಯುವ ಲಕ್ಷಣ ಇಲ್ಲ. 35 ಸ್ಕ್ವೇರ್ ಎಂಎಂ ಕೇಬಲ್ (ಅಡ್ಡ ಕೊಯ್ದರೆ ಕಾಣುವ ತಾಮ್ರದ ಅಳತೆ ಅದು) ಐದು ಮೀಟರ್ ತೆಗೆದುಕೊಂಡರೆ ಅದರಲ್ಲಿ ಬರೀ ತಾಮ್ರವೇ ಒಂದೂವರೆ ಕೆಜಿಗಿಂತ ಜಾಸ್ತಿ. ಡೀಸೆಲ್ ಕಾರಿಗೆ ಬೇಕಾಗುವ 50 ಸ್ಕ್ವೇರ್ ಎಂಎಂ ಆದರೆ ಎರಡು ಕೆಜಿ ದಾಟುತ್ತದೆ. ಹೆಚ್ಚಿದ ದರವನ್ನು ಇಷ್ಟು ದಿನ ಆದಷ್ಟು ನಾವೇ ನುಂಗಿಕೊಂಡೆವು. ಇನ್ನು ಆಗುವುದಿಲ್ಲ, ಕೈ ಕಚ್ಚುತ್ತಿದೆ.

"ಆನ್‌ಲೈನಲ್ಲಿ ಇದೇ ದಪ್ಪದ್ದು ಅರ್ಧ ಬೆಲೆಗೆ ಸಿಗುತ್ತೆ" ಅನ್ನುವವರು ದಯವಿಟ್ಟು ಒಂದು ಕೆಲಸ ಮಾಡಿ. ಆ ಕೇಬಲಿನಿಂದ ಒಂದು ಎಳೆ ಬಿಡಿಸಿ, ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಕೆಂಪು ಹೋಗಿ ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಅಂಥ 35ರ ಕೇಬಲ್ ಕೆಲಸ ಮಾಡುವುದು ಸುಮಾರು 22ರ ತಾಮ್ರದಷ್ಟು. ಸೆಲ್ಫ್ ಹೊಡೆದಾಗ ಸಣ್ಣ ಪೆಟ್ರೋಲ್ ಕಾರು 200 ಆಂಪ್ ಎಳೆಯಿತು ಅಂತ ಇಟ್ಟುಕೊಳ್ಳಿ. ಐದು ಮೀಟರ್ ಅಸಲಿ ತಾಮ್ರದಲ್ಲಿ ಅರ್ಧ ವೋಲ್ಟ್ ಕಳೆದುಹೋಗುತ್ತದೆ. ಲೇಪದ ಕೇಬಲಿನಲ್ಲಿ ಮುಕ್ಕಾಲು ವೋಲ್ಟ್‌ಗೂ ಜಾಸ್ತಿ. ಚಳಿಗಾಲದ ಬೆಳಿಗ್ಗೆ, ಬ್ಯಾಟರಿ ಸ್ವಲ್ಪ ಹಳೆಯದಾಗಿದ್ದರೆ, ಆ ವ್ಯತ್ಯಾಸ ಎದ್ದು ಕಾಣುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. "ಕೇಬಲ್ ಮಾತ್ರ ಕೊಡಿ, ಉಳಿದದ್ದು ನಾವು ನೋಡ್ಕೋತೀವಿ. ಕಂಪನಿಯವರೇ ಎಷ್ಟೋ ಕಾರಿನಲ್ಲಿ ಸೆಲ್ಫ್ ಮೋಟರಿನ ಕೇಬಲಿಗೆ ಫ್ಯೂಸ್ ಹಾಕಿಲ್ಲ. ನೀವು ಯಾಕೆ ಬಲವಂತವಾಗಿ ಮಾರ್ತೀರಿ?"

ಬ್ಯಾಟರಿ ಮುಂದೆ ಇರುವಾಗ ಆ ಕೇಬಲ್ ತುಂಬಾ ಚಿಕ್ಕದು. ನೇರವಾಗಿ ಮೋಟರಿಗೆ ಹೋಗುತ್ತದೆ. ಬ್ಯಾಟರಿ ಹಿಂದಕ್ಕೆ ಹೋದ ಮೇಲೆ ಅದೇ ಕೇಬಲ್ ಡಿಕ್ಕಿಯ ತಗಡು ದಾಟಿ, ಹಿಂದಿನ ಸೀಟಿನ ಕೆಳಗೆ ನುಸುಳಿ, ಕಾರ್ಪೆಟ್ ಅಡಿಯಲ್ಲಿ ಬಾಗಿಲ ಪಕ್ಕ ಉದ್ದಕ್ಕೂ ಸಾಗಿ, ಡ್ಯಾಶ್‌ಬೋರ್ಡ್ ಹಿಂದಿನ ಗೋಡೆ ತೂರಿ ಎಂಜಿನ್ ಕಡೆ ಬರಬೇಕು. ಹೋದ ದಾರಿಯಲ್ಲೆಲ್ಲ ಕಬ್ಬಿಣ. ಆ ಕಬ್ಬಿಣವೇ ಅರ್ಥ್, ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಸೇರಿದ್ದು. ಎಲ್ಲಾದರೂ ಒಂದು ಕಡೆ ಸಿಪ್ಪೆ ಸವೆದರೆ ನೂರಾರು ಆಂಪ್, ಕೆಲವೊಮ್ಮೆ ಸಾವಿರಕ್ಕೂ ಮೀರಿ ಹರಿಯುತ್ತದೆ. ಕೇಬಲ್ ಕೆಂಪಗೆ ಕಾಯುತ್ತದೆ. ಅದರ ಮೇಲಿರುವುದು ಕಾರ್ಪೆಟ್, ಸೀಟಿನ ಸ್ಪಂಜು. ಫ್ಯೂಸ್ ಇರುವುದು ಮೋಟರನ್ನು ಕಾಯುವುದಕ್ಕಲ್ಲ, ಈ ಐದು ಮೀಟರನ್ನು ಕಾಯುವುದಕ್ಕೆ. ಅದಕ್ಕೇ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಎಂಜಿನ್ ಕಡೆಯ ತುದಿಯಲ್ಲಿ ಹಾಕಿದರೆ ಏನೂ ಪ್ರಯೋಜನವಿಲ್ಲ.

ಒಂದು ಹ್ಯಾಚ್‌ಬ್ಯಾಕ್ ನಮ್ಮಲ್ಲಿಗೆ ಬಂದಿತ್ತು. ಕೇಬಲ್ ನಮ್ಮದೇ, ಬಿಡಿಯಾಗಿ ಕೊಂಡದ್ದು. ಗೋಡೆಯ ತೂತಿಗೆ ಗ್ರೋಮೆಟ್ ಹಾಕಿರಲಿಲ್ಲ. ತಗಡಿನ ಅಂಚು ಕೂತ ಜಾಗದಲ್ಲಿ ಕಪ್ಪು ಸಿಪ್ಪೆ ಚಂದ್ರಾಕಾರವಾಗಿ ಕತ್ತರಿಸಿ, ಒಳಗಿನ ತಾಮ್ರದ ಎಳೆಗಳು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಇನ್ನೊಂದಿಷ್ಟು ದಿನ ಅಲುಗಾಡಿದ್ದರೆ ಅಂಚಿಗೆ ತಾಗುತ್ತಿತ್ತು. ಫ್ಯೂಸೂ ಇರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಇತ್ತು. ಅವತ್ತೇ ನಿರ್ಧಾರ ಮಾಡಿದೆವು.

ಬಿಎಂಡಬ್ಲ್ಯು ಹಲವು ಕಾರುಗಳಲ್ಲಿ ಬ್ಯಾಟರಿಯನ್ನು ಹಿಂದೆಯೇ ಇಡುತ್ತದೆ, ಮುಂದೆ ಹಿಂದೆ ತೂಕ ಸಮ ಆಗಲಿ ಅಂತ. ಅಂಥ ಕಾರುಗಳ ಬ್ಯಾಟರಿ ಟರ್ಮಿನಲ್‌ನಲ್ಲಿ ಒಂದು ಸಣ್ಣ ಸಿಡಿಮದ್ದು ಇರುತ್ತದೆ. ಜೋರಾದ ಅಪಘಾತವಾಗಿ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದು ಸಿಡಿದು ಸೆಲ್ಫ್ ಮೋಟರಿನ ಕೇಬಲನ್ನು ಕಡಿದುಹಾಕುತ್ತದೆ. ಕಾರು ಕಟ್ಟಿದವರೇ ಇಷ್ಟು ಹೆದರುವಾಗ ನಾವು ಒಂದು ಫ್ಯೂಸ್ ಹಾಕಿ ಅನ್ನುವುದು ಜಾಸ್ತಿಯಾಯಿತಾ?

ಡಬ್ಬಿ, ಗಾಳಿ ಪೈಪಿನ ವಿಷಯವೂ ಇದೇ. ನೀರು ತುಂಬುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಆದರೆ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹ್ಯಾಚ್‌ಬ್ಯಾಕಿನ ಡಿಕ್ಕಿಗೂ ನೀವು ಕೂರುವ ಜಾಗಕ್ಕೂ ನಡುವೆ ಗೋಡೆ ಇಲ್ಲ. ನೀರು ತುಂಬುವ ಕೆಲಸವಿಲ್ಲದ, ಮುಚ್ಚಿದ ಎಜಿಎಂ ಬ್ಯಾಟರಿ ಹಾಕಿದರೆ ಒಳ್ಳೆಯದು, ಆದರೂ ಪೈಪನ್ನು ಕೆಳಗೆ ಹೊರಕ್ಕೆ ಬಿಡಿ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಮಾತ್ರ ಕಿಟ್ ಕೊಡುವುದೇ ಇಲ್ಲ. ಎಷ್ಟೇ ಹಳೆಯ ಗ್ರಾಹಕರಾಗಿದ್ದರೂ ಸರಿ, ಬೇಜಾರು ಮಾಡಿಕೊಳ್ಳಬೇಡಿ. ವಾರಂಟಿ ಇರುವ ಹೊಸ ಕಾರಿಗೂ ಈ ಕೆಲಸ ಬೇಡ. ಬೇರೆ ಕಾರಾದರೆ ಇನ್ಶೂರೆನ್ಸ್‌ನವರಿಗೆ ಮೊದಲು ತಿಳಿಸಿ.

ನೀವೇ ಕೂರಿಸಿಕೊಳ್ಳಬೇಕು ಅನ್ನುವ ಆಸೆಗೆ ನಾವು ಅಡ್ಡ ಬರುತ್ತಿಲ್ಲ. ಭಾನುವಾರ ಪೂರ್ತಿ ಕಾರಿನ ಕೆಳಗೆ ಕಳೆಯುವ ಖುಷಿ ನಮಗೂ ಗೊತ್ತು. ಮೊದಲು ಒಂದು ನೈಲಾನ್ ಹಗ್ಗವನ್ನು ಕೇಬಲ್ ಹೋಗುವ ದಾರಿಯಲ್ಲೇ ಎಳೆಯಿರಿ, ಸೈಲೆನ್ಸರ್ ಮತ್ತು ಪೆಟ್ರೋಲ್ ಪೈಪಿನಿಂದ ದೂರ ಇರಲಿ. ಆ ಹಗ್ಗವನ್ನು ತನ್ನಿ ಅಥವಾ ಅಳತೆ ಹೇಳಿ. ಒಂದು ತುದಿಗೆ ಲಗ್ ಒತ್ತಿ, ಇನ್ನೊಂದನ್ನು ಹಾಗೇ ಬಿಟ್ಟು ಕೊಡುತ್ತೇವೆ. ಲಗ್ ಇದ್ದರೆ ಸಣ್ಣ ತೂತಿನಲ್ಲಿ ತೂರುವುದಿಲ್ಲ ಅಲ್ವಾ. ತೂರಿಸಿದ ಮೇಲೆ ಕಾರನ್ನು ತಂದರೆ ಆ ತುದಿಯನ್ನು ನಮ್ಮ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ. ನೆಗೆಟಿವ್ ತಂತಿಗೆ ಬಣ್ಣ ಕೆರೆದು ಬರಿಯ ಲೋಹದ ಮೇಲೆ ಬೋಲ್ಟ್ ಹಾಕಿ. ಎಂಜಿನ್ನಿನಿಂದ ಕಾರಿನ ತಗಡಿನ ಮೈಗೆ ಬರುವ ಹಳೆಯ ಅರ್ಥ್ ಪಟ್ಟಿಯನ್ನೂ ನೋಡಿ, ಸೆಲ್ಫ್ ಎಳೆಯುತ್ತಿಲ್ಲ ಅಂತ ಬರುವ ಎಷ್ಟೋ ಕಾರುಗಳಲ್ಲಿ ತಪ್ಪು ಅಲ್ಲೇ ಇರುತ್ತದೆ.

ರ‍್ಯಾಲಿ, ಡ್ರ್ಯಾಗ್‌ಗೆ ಹೋಗುವವರಿಗೆ ಕಾರಿನ ಪೂರ್ತಿ ಕರೆಂಟ್ ಕಡಿಯುವ ಮೇನ್ ಕಟ್-ಆಫ್ ಸ್ವಿಚ್ ಬೇರೆ ಬೆಲೆಗೆ ಇದೆ. ಆರಿಸಿದಾಗ ಎಂಜಿನ್ನೂ ನಿಲ್ಲಬೇಕು. ಎಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರ್ ಅದನ್ನು ಓಡಿಸುತ್ತಲೇ ಇರಬಹುದು, ಹಾಗಾಗಿ ಅದರ ತಂತಿಯನ್ನು ಎಲ್ಲಿಗೆ ಕೊಡಬೇಕು ಅಂತ ಕೇಳಿಯೇ ಜೋಡಿಸಿ.

ಈಗಾಗಲೇ ಬಿಡಿ ಕೇಬಲಿಗೆ ಮುಂಗಡ ಕೊಟ್ಟವರಿಗೆ ಹಳೆಯ ದರದಲ್ಲೇ ಕೇಬಲ್ ಸಿಗುತ್ತದೆ. ಫ್ಯೂಸ್ ಮತ್ತು ಗ್ರೋಮೆಟ್ ನಮ್ಮ ಕಡೆಯಿಂದ ಉಚಿತ, ಅವಿಲ್ಲದೆ ಕೇಬಲ್ ಹೊರಗೆ ಹೋಗುವುದಿಲ್ಲ. ಬೇಡ ಅನ್ನುವವರಿಗೆ ಪೂರ್ತಿ ಹಣ ವಾಪಸ್. ಮೊದಲು ಕೊಂಡು ಫ್ಯೂಸ್ ಇಲ್ಲದೆ ಓಡಿಸುತ್ತಿರುವವರು ಯಾವ ದಿನ ಬೇಕಾದರೂ ಕಾರು ತನ್ನಿ. ನಾನೇ ನಿಂತು ನೋಡುತ್ತೇನೆ, ನೋಡಿದ್ದಕ್ಕೆ ಏನೂ ಕೊಡಬೇಕಾಗಿಲ್ಲ.

ಇಂತಿ ನಿಮ್ಮ,
ಮಾಲೀಕರು ಮತ್ತು ಅಂಗಡಿಯ ಎಲ್ಲರೂ
ಜೆ.ಸಿ. ರಸ್ತೆ, ಬೆಂಗಳೂರು