ಸೀರೆ ಅಂಗಡಿಗೆ ಎಂಥ ಪರಿಮಳ ಬೇಕು

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ದಾವಣಗೆರೆಯಲ್ಲಿ ನಿನ್ನ ಅಂಗಡಿ ಕೆಲಸ ಮುಗಿಯುತ್ತಾ ಬಂತು ಅಂತ ಅಕ್ಕ ಹೇಳಿದಳು. ತುಂಬಾ ಸಂತೋಷ. ಎಸಿ ಗಾಳಿಯ ಜೊತೆ ಪರಿಮಳ ಬಿಡುವ ಯಂತ್ರದವನು ಬಂದಿದ್ದನಂತೆ. ದೊಡ್ಡ ಹೋಟೆಲಿನ ಘಮ ಅಂತ ಒಂದು ಎಣ್ಣೆ ತೋರಿಸಿದನಂತೆ. ಹಾಕಿಸಲಾ ಅಂತ ಕೇಳಿದ್ದೀಯ. ಮೈಸೂರಿನಲ್ಲಿ ಊದುಬತ್ತಿಗೆ ಪರಿಮಳ ಬೆರೆಸುತ್ತಲೇ ವಯಸ್ಸಾದವನು ನಾನು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಇರುವ ವಾಸನೆ ಹೋಗಲಿ. ಹೊಸ ಪೇಂಟು, ಪ್ಲೈವುಡ್ಡು, ಅಂಟು ಎಲ್ಲ ಆರಬೇಕು. ಬಾಗಿಲು ತೆರೆದಿಡು, ಫ್ಯಾನ್ ಓಡಲಿ. ಟಾಯ್ಲೆಟ್ಟು, ಎಸಿ ಫಿಲ್ಟರು, ಗೋಡೆಯ ತೇವ ನೋಡಿಸು. ವಾಸನೆ ತೆಗೆಯಲು ಓಝೋನ್ ಯಂತ್ರ ಇಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ನಿಂಬೆ, ಕಿತ್ತಳೆ ಪರಿಮಳದಲ್ಲಿರುವ ಲಿಮೊನೀನ್ ಓಝೋನ್ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಅದು ಕಣ್ಣು ಗಂಟಲಿಗೆ ಒಳ್ಳೆಯದಲ್ಲ.

ಇನ್ನು ಪರಿಮಳ. ಎಲ್ಲರೂ ಗಿರಾಕಿಯನ್ನು ನೆನೆದು ಆರಿಸುತ್ತಾರೆ. ಗಿರಾಕಿ ಒಂದೆರಡು ಗಂಟೆ ಇದ್ದು ಹೋಗುತ್ತಾಳೆ. ಸೀರೆ ಬಿಚ್ಚಿ ತೋರಿಸುವ ಹುಡುಗಿಯರು ಬೆಳಗಿನಿಂದ ರಾತ್ರಿವರೆಗೆ ಅದೇ ಗಾಳಿ ಉಸಿರಾಡುತ್ತಾರೆ. ಅವರಿಗೆ ತಲೆನೋವು ಬರಬಾರದು. ಅದು ಮೊದಲ ಲೆಕ್ಕ. ಎರಡನೆಯದು, ನಿನ್ನ ಅಂಗಡಿಗೆ ಸೀಮಂತದ ಹಸಿರು ಸೀರೆಗೆ ಬಸುರಿ ಹೆಣ್ಣುಮಕ್ಕಳು ಬರುತ್ತಾರೆ. ಕೆಲವರಿಗೆ ಆಗ ಯಾವ ಘಾಟೂ ಸೇರುವುದಿಲ್ಲ. ಮದುವೆ ಜವಳಿಗೆ ಬಂದರೆ ಇಡೀ ಮನೆಯೇ ಬರುತ್ತದೆ. ಕೈಗೂಸು ಇರುತ್ತದೆ, ಉಬ್ಬಸದ ಅಜ್ಜಿ ಇರುತ್ತಾರೆ. ಎಲ್ಲರಿಗಿಂತ ಸೂಕ್ಷ್ಮವಾದ ಮೂಗು ಯಾವುದೋ, ಅದಕ್ಕೆ ಒಗ್ಗುವುದನ್ನೇ ಆರಿಸು.

ಮಲ್ಲಿಗೆ ಪರಿಮಳ ಬೇಡವೇ ಬೇಡ. ಬರುವವರ ಮುಡಿಯಲ್ಲೇ ಮಲ್ಲಿಗೆ ಇರುತ್ತದೆ ಅಲ್ವಾ? ಅದರ ಮೇಲೆ ಬಾಟಲಿಯ ಮಲ್ಲಿಗೆಯೂ ಸೇರಿ, ಬಾಗಿಲು ಮುಚ್ಚಿದ ಎಸಿ ಕೋಣೆಯಾದರೆ ಉಸಿರು ಕಟ್ಟಿದ ಹಾಗಾಗುತ್ತದೆ. ಶ್ರೀಗಂಧ ಚೆನ್ನಾಗಿ ಹೊಂದುತ್ತದೆ. 1916ರಲ್ಲಿ ಮೈಸೂರಿನಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಶುರುವಾದಾಗಿನಿಂದ ನಮ್ಮೂರಿನ ಹೆಸರೇ ಅದರ ಜೊತೆ ಸೇರಿಹೋಗಿದೆ. ಆದರೆ ಅಸಲಿ ಎಣ್ಣೆ ಕೆ.ಜಿ.ಗೆ ಲಕ್ಷ ರೂಪಾಯಿ ದಾಟುತ್ತದೆ. ಯಂತ್ರದವನು ಕೊಡುವ ಅಗ್ಗದ ಗಂಧ ಮರದಿಂದ ತೆಗೆದದ್ದಲ್ಲ, ರಾಸಾಯನಿಕಗಳಿಂದ ಕೂಡಿಸಿದ್ದು. ಅದರಿಂದ ತೊಂದರೆಯೇನಿಲ್ಲ. ಅಸಲಿ ಅಂತ ದುಡ್ಡು ಕೊಡಬೇಡ, ಅಷ್ಟೇ.

ನನ್ನನ್ನು ಕೇಳಿದರೆ ಲಾವಂಚ ಒಳ್ಳೆಯದು. ಮಣ್ಣಿನ ಘಮ, ತಂಪು. ದಾವಣಗೆರೆಯ ಬಿಸಿಲಿನಿಂದ ಒಳಗೆ ಬಂದವರಿಗೆ ಹಿತವಾಗುತ್ತದೆ. ನಿನ್ನ ಅಜ್ಜಿ ರೇಷ್ಮೆ ಸೀರೆಗಳ ಮಧ್ಯೆ ಲಾವಂಚದ ಬೇರು ಇಡುತ್ತಿದ್ದರು, ನುಸಿ ಹಿಡಿಯಬಾರದು ಅಂತ. ನೀನೂ ನುಸಿಗುಳಿಗೆ ಬಿಟ್ಟು ಬೇರಿನ ಚಿಕ್ಕ ಕಟ್ಟು ಇಡು. ಬೇರು ಸೀರೆಗೆ ತಾಗದಂತೆ ತೆಳ್ಳನೆ ಬಟ್ಟೆಯಲ್ಲಿ ಸುತ್ತಿರಲಿ. ಗಾಳಿಗೆ ಲಾವಂಚ, ಅದರ ಹಿಂದೆ ಸ್ವಲ್ಪ ಗಂಧ. ಇನ್ನೇನೂ ಬೆರೆಸಬೇಡ. ಸ್ವಿಟ್ಜರ್ಲೆಂಡಿನ ಒಂದು ಗೃಹಾಲಂಕಾರದ ಅಂಗಡಿಯಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ, 2013ರಲ್ಲಿ ಪ್ರಕಟವಾಯಿತು. ಬರೀ ಕಿತ್ತಳೆ ಪರಿಮಳ ಇದ್ದಾಗ ಜನ ಜಾಸ್ತಿ ಖರ್ಚು ಮಾಡಿದರು. ಅದಕ್ಕೆ ತುಳಸಿ ಜಾತಿಯ ಸೊಪ್ಪು, ಗ್ರೀನ್ ಟೀ ಸೇರಿಸಿದಾಗ ಆ ಲಾಭ ಕಾಣಲಿಲ್ಲ. ಸರಳ ಪರಿಮಳ ಮನಸ್ಸಿಗೆ ಭಾರವಾಗುವುದಿಲ್ಲ.

ಯಂತ್ರ ಎಲ್ಲಿಡಬೇಕು ಅನ್ನುವುದರಲ್ಲಿ ಮಾತ್ರ ರಾಜಿ ಬೇಡ. ಅದು ಎಣ್ಣೆಯನ್ನು ಸಣ್ಣ ಹನಿ ಮಾಡಿ ಗಾಳಿಗೆ ಬಿಡುತ್ತದೆ. ರ‍್ಯಾಕಿನ ಹತ್ತಿರ ಇಟ್ಟರೆ ಆ ಹನಿ ರೇಷ್ಮೆಯ ಮೇಲೆ ಕೂರುತ್ತದೆ. ಇಳಕಲ್ ಸೀರೆಯ ಸೆರಗಿನ ಮೇಲೆ ಎಣ್ಣೆ ಕಲೆಯಾದರೆ ಯಾರು ಕೊಳ್ಳುತ್ತಾರೆ? ಗಂಧ, ಕಸ್ತೂರಿ, ವೆನಿಲಾ ಥರದವು ಬಟ್ಟೆಯಲ್ಲಿ ಬಹಳ ದಿನ ನಿಲ್ಲುತ್ತವೆ. ಹೊಸ ಸೀರೆಗೆ ಅದರದೇ ಒಂದು ವಾಸನೆ ಇದೆ, ಗಂಜಿಯದು, ಮಗ್ಗದ್ದು. ಅದಕ್ಕಾಗಿಯೇ ಮೂಗಿನ ಹತ್ತಿರ ಹಿಡಿಯುವವರಿದ್ದಾರೆ. ಅದನ್ನು ಮುಚ್ಚಬೇಡ. ಬಾಗಿಲ ಒಳಬದಿಯಲ್ಲಿ, ತಲೆಗಿಂತ ಮೇಲೆ, ಸೀರೆಗಳಿಂದ ದೂರ ಇಡಿಸು. ಊದುಬತ್ತಿ ಬೆಳಗಿನ ಪೂಜೆಗೆ ಸಾಕು, ಅದೂ ಬಾಗಿಲು ತೆರೆದಿರುವಾಗ. ಹೊಗೆ ಮುಚ್ಚಿದ ಕೋಣೆಗೆ ಆಗುವುದಿಲ್ಲ. ಊದುಬತ್ತಿಯ ಅನ್ನ ಉಂಡವನೇ ಹೇಳುತ್ತಿದ್ದೇನೆ.

ಎಣ್ಣೆ ಅದ್ದಿ ಕೊಡುವ ಕಾಗದದ ಪಟ್ಟಿ ಮೂಸಿ ತೀರ್ಮಾನ ಮಾಡಬೇಡ. ಮೊದಲ ಘಮ ಬೇಗ ಹಾರಿಹೋಗುತ್ತದೆ, ಸಂಜೆಗೆ ಉಳಿಯುವುದೇ ಬೇರೆ. ಅಂಗಡಿಯಲ್ಲೇ ಎಸಿ ಹಾಕಿ, ಜನ ತುಂಬಿದಾಗ ನೋಡು. ಇನ್ನೊಂದು ವಿಷಯ. ನಮ್ಮ ಮೂಗು ಕೆಲವೇ ನಿಮಿಷದಲ್ಲಿ ಪರಿಮಳಕ್ಕೆ ಒಗ್ಗಿಬಿಡುತ್ತದೆ. ವಾಸನೆಯೇ ಇಲ್ಲ ಅಂತ ಮಾಲೀಕರು ಜಾಸ್ತಿ ಮಾಡುತ್ತಾ ಹೋಗುತ್ತಾರೆ. ನೀನು ಹಾಗೆ ಮಾಡಬೇಡ. ಕೊರಿಯರ್ ಹುಡುಗನನ್ನೋ ಪಕ್ಕದ ಅಂಗಡಿಯವರನ್ನೋ ಕೇಳು. ಒಳಗೆ ಕಾಲಿಟ್ಟ ಕೂಡಲೇ "ಏನು ಘಮ!" ಅಂದರೆ ಅರ್ಧಕ್ಕೆ ಇಳಿಸು.

ಎಣ್ಣೆಗೆ ಇಫ್ರಾ ಪ್ರಮಾಣಪತ್ರ ಕೇಳು. ಇಫ್ರಾ ಅಂದರೆ ಯಾವ ಸುಗಂಧದ್ರವ್ಯವನ್ನು ಎಷ್ಟು ಬಳಸಬಹುದು ಅಂತ ಮಿತಿ ಹಾಕುವ ಅಂತರರಾಷ್ಟ್ರೀಯ ಸಂಸ್ಥೆ. ಪತ್ರ ಕೊಡಲು ಹಿಂದೆಮುಂದೆ ನೋಡಿದರೆ ಆ ಮಾಲು ಬೇಡ. ವರ್ಷದ ಒಪ್ಪಂದಕ್ಕೆ ಈಗಲೇ ಸಹಿ ಹಾಕಬೇಡ, ಒಂದು ತಿಂಗಳಿಗೆ ಬಾಡಿಗೆಗೆ ಕೇಳು. ಅವನು ಕೊಟ್ಟ ಸ್ಯಾಂಪಲ್ ಬಾಟಲಿಯನ್ನು ನನಗೂ ಕಳಿಸು, ನೋಡಿ ಹೇಳುತ್ತೇನೆ.

ಅಕ್ಕ ಭಾವನಿಗೆ ನಮಸ್ಕಾರ ತಿಳಿಸು. ಅಂಗಡಿ ಪೂಜೆಯ ದಿನ ಗೊತ್ತಾದ ಕೂಡಲೇ ಬರೆ.

ಇತಿ,
ನಿನ್ನ ಮಾವ