ಮಗಳಿಗೊಂದು ಪತ್ರ: ಸುಳ್ಳುಗಳನ್ನು ಮಂಜೂರು ಮಾಡುವ ಕ್ರಮ

ಪ್ರೀತಿಯ ಮಗಳೇ,

ನಿನ್ನ ಮೂರು ಪ್ರಶ್ನೆಗಳು ತಲುಪಿದವು. ‘ಒಂದೊಂದೇ ಸಾಲಿನ ಉತ್ತರ ಸಾಕು, ಪಾಠ ಬೇಡ’ ಎಂಬ ಷರತ್ತೂ ತಲುಪಿತು. ಮೊದಲ ಪ್ರಶ್ನೆಗೆ ಷರತ್ತನ್ನು ಹೆಚ್ಚುಕಡಿಮೆ ಪಾಲಿಸುತ್ತೇನೆ. ಎರಡನೆಯದಕ್ಕೆ ಅದು ನನ್ನಿಂದಾಗದ ಮಾತು.

ಜಗತ್ತಿನ ಜನರೆಲ್ಲ ಒಂದೆಡೆ ನಿಂತು ಒಟ್ಟಿಗೆ ಜಿಗಿದರೆ ಭೂಮಿ ಅಲುಗುತ್ತದೆಯೇ ಎಂದು ಕೇಳಿದ್ದೀಯೆ. ಅಲುಗುತ್ತದೆ, ಆದರೆ ಒಂದು ಪರಮಾಣುವಿನ ಅಗಲದ ಸಾವಿರದಲ್ಲೊಂದು ಪಾಲಿನಷ್ಟೂ ಅಲ್ಲ. 800 ಕೋಟಿ ಜನ, ತಲೆಗೆ 60 ಕಿಲೋ ಎಂದರೆ 48,000 ಕೋಟಿ ಕಿಲೋ. ಭೂಮಿಯ ತೂಕ 6ರ ಮುಂದೆ 24 ಸೊನ್ನೆ ಇಟ್ಟಷ್ಟು ಕಿಲೋ, ಅಂದರೆ ನಮ್ಮೆಲ್ಲರ ಒಟ್ಟು ತೂಕದ 12 ಲಕ್ಷ ಕೋಟಿ ಪಟ್ಟು. ನಾವು 30 ಸೆಂಟಿಮೀಟರ್ ಮೇಲೇರಿದರೆ ಅದು ಅಷ್ಟೇ ಪಟ್ಟು ಕಡಿಮೆ ದೂರ ಕೆಳಗೆ ಸರಿಯುತ್ತದೆ. ನಾವು ಇಳಿದಾಗ ತನ್ನ ಜಾಗಕ್ಕೆ ಮರಳುತ್ತದೆ. ಇದಕ್ಕಿಂತ ನನಗೆ ಮೋಜೆನಿಸಿದ್ದು ಇನ್ನೊಂದು: ಚದರ ಮೀಟರಿಗೆ ನಾಲ್ವರಂತೆ ನಿಲ್ಲಿಸಿದರೆ ಇಡೀ ಮನುಕುಲಕ್ಕೆ 2,000 ಚದರ ಕಿಲೋಮೀಟರ್ ಸಾಕು. ಒಬ್ಬರ ಕಾಲನ್ನು ಒಬ್ಬರು ತುಳಿಯದಂತೆ ನೋಡಿಕೊಳ್ಳುವುದೇ ಜಿಗಿತಕ್ಕಿಂತ ದೊಡ್ಡ ಸಮಸ್ಯೆ.

ಈಗ ಎರಡನೆಯದು. ಭೂಮಿಯ ಆಚೆ ಬದಿಯವರೆಗೆ ಸುರಂಗ ಕೊರೆದು ಅದರಲ್ಲಿ ಜಿಗಿದರೆ ಏನಾಗುತ್ತದೆ? ಇಂಥ ಪ್ರಶ್ನೆ ಹೇಗೂ ಒಂದು ಸುಳ್ಳಿನಿಂದ ಶುರುವಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಸುಳ್ಳುಗಳನ್ನು ಸಗಟಾಗಿ ಒಪ್ಪಿಬಿಟ್ಟರೆ ಉಳಿಯುವುದು ಬರೀ ಕಥೆ. ಒಂದೊಂದನ್ನೂ ಹೆಸರು ಹಿಡಿದು ಕರೆದು ಮಂಜೂರು ಮಾಡಬೇಕು, ಮಿಕ್ಕಿದ್ದೆಲ್ಲ ನಿಜವೇ ಆಗಿರಬೇಕು. ನನ್ನ ಹಟ ಇಷ್ಟೇ.

ಮೊದಲ ಸುಳ್ಳು, ಸುರಂಗವೇ. ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿದೆ. 1989ರಲ್ಲಿ ಅದು 12,262 ಮೀಟರ್ ಮುಟ್ಟಿತು. ಅಲ್ಲಿನ ಶಾಖ ಸುಮಾರು 180 ಡಿಗ್ರಿ ಸೆಲ್ಸಿಯಸ್. ನಿನ್ನ ಸುರಂಗ ಹೋಗಬೇಕಾದದ್ದು 12,700 ಕಿಲೋಮೀಟರಿಗೂ ಹೆಚ್ಚು! ಇರಲಿ, ಮಂಜೂರು. ಎರಡನೆಯ ಸುಳ್ಳು, ಒಳಗೆ ತಂಪಾಗಿದೆ ಎಂಬುದು. ಭೂಗರ್ಭದಲ್ಲಿ 5,000 ಡಿಗ್ರಿಗೂ ಮೀರಿದ ಶಾಖವಿದೆ. ಅದೂ ಮಂಜೂರು.

ಇನ್ನು ಜಿಗಿ. ನೂರಾರು ಕಿಲೋಮೀಟರ್ ವೇಗದಲ್ಲಿ ಕೆಳಗಿಳಿಯುತ್ತೇನೆ ಎಂದುಕೊಂಡಿದ್ದೀಯಲ್ಲವೇ? ಸುರಂಗದೊಳಗಿನ ಗಾಳಿಯನ್ನು ಮರೆತೆ. ಆಳಕ್ಕಿಳಿದಂತೆ ಮೇಲಿನ ಗಾಳಿಯ ಭಾರವೆಲ್ಲ ಕೆಳಗಿನದರ ಮೇಲೆ ಕೂರುತ್ತದೆ. ಸುಮಾರು 6 ಕಿಲೋಮೀಟರಿಗೊಮ್ಮೆ ಒತ್ತಡ ಇಮ್ಮಡಿ. ಹತ್ತು ಸಲ ಇಮ್ಮಡಿಯಾದರೆ ಸಾವಿರ ಪಟ್ಟು. ಅಂದರೆ 60 ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಗಾಳಿಯ ಸಾಂದ್ರತೆ ನೀರಿನದರ ಆಸುಪಾಸಿಗೆ ಬಂದಿರುತ್ತದೆ. ನಿನ್ನ ವೇಗ ಕುಗ್ಗುತ್ತಾ ಬಂದು, ಇನ್ನೂ ಸ್ವಲ್ಪ ಕೆಳಗೆ ನೀನು ತೇಲುತ್ತಾ ನಿಂತುಬಿಡುತ್ತೀಯೆ. ಆಚೆ ಬದಿಯ ಮಾತಿರಲಿ, ಭೂಮಿಯ ಸಿಪ್ಪೆಯನ್ನು ದಾಟುವುದೇ ಅಷ್ಟಕ್ಕಷ್ಟೆ.

ಆದ್ದರಿಂದ ಮೂರನೆಯ ಸುಳ್ಳು: ಗಾಳಿಯನ್ನೆಲ್ಲ ಹೀರಿ ತೆಗೆದಿದ್ದೇವೆ. (ಉಸಿರಾಟದ ವ್ಯವಸ್ಥೆ ನಿನ್ನದು.) ಆದರೂ ತೊಂದರೆ ತಪ್ಪಲಿಲ್ಲ. ಸಮಭಾಜಕದ ಮೇಲೆ ನಿಂತವರು ಭೂಮಿಯ ಜೊತೆಗೆ ಗಂಟೆಗೆ 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತಾರೆ. ಕೆಳಗಿಳಿದಂತೆ ಗೋಡೆಯ ಆ ವೇಗ ಕಡಿಮೆಯಾಗುತ್ತದೆ, ನಿನ್ನದು ಆಗುವುದಿಲ್ಲ. ಹಾಗಾಗಿ ಪೂರ್ವದ ಗೋಡೆಗೆ ಬಡಿದು, ಉದ್ದಕ್ಕೂ ಉಜ್ಜಿಕೊಂಡೇ ಇಳಿಯಬೇಕು. ಇದಕ್ಕೆ ಮಾತ್ರ ನಾನು ನಾಲ್ಕನೆಯ ಸುಳ್ಳನ್ನು ಕೊಡುವುದಿಲ್ಲ, ಏಕೆಂದರೆ ಪ್ರಾಮಾಣಿಕವಾದ ದಾರಿಯೇ ಇದೆ: ಸುರಂಗವನ್ನು ಧ್ರುವದಿಂದ ಧ್ರುವಕ್ಕೆ ಕೊರೆ. ಅಲ್ಲಿ ಈ ಪಕ್ಕದೋಟ ಇಲ್ಲ.

ಈಗ ದಾರಿ ಸುಗಮ. ಭೂಮಿ ಒಳಗೂ ಹೊರಗೂ ಒಂದೇ ಸಾಂದ್ರತೆಯದ್ದಾಗಿದ್ದರೆ ಪಯಣಕ್ಕೆ 42 ನಿಮಿಷ ಹಿಡಿಯುತ್ತಿತ್ತು. ಆದರೆ ಮೇಲ್ಪದರದ ಕಲ್ಲು ನೀರಿಗಿಂತ ಸುಮಾರು ಎರಡೂಮುಕ್ಕಾಲು ಪಟ್ಟು ಸಾಂದ್ರ, ಇಡೀ ಭೂಮಿಯ ಸರಾಸರಿ ಐದೂವರೆ ಪಟ್ಟು. ಹಾಗಾದರೆ ಭಾರವೆಲ್ಲ ಎಲ್ಲಿ ಅಡಗಿದೆ? ನಡುವಿನ ಕಬ್ಬಿಣದ ತಿರುಳಿನಲ್ಲಿ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಸುಮಾರು 38 ನಿಮಿಷ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ದಕ್ಷಿಣ ಧ್ರುವ ಹಿಮದ ರಾಶಿಯ ಮೇಲಿದೆ, ಸಮುದ್ರಮಟ್ಟದಿಂದ ಸುಮಾರು 2,800 ಮೀಟರ್ ಎತ್ತರ. ಉತ್ತರ ಧ್ರುವದಲ್ಲಿ ನೆಲವೇ ಇಲ್ಲ, ಇರುವುದು ಸಮುದ್ರ. ದಕ್ಷಿಣದಿಂದ ಜಿಗಿದರೆ ಉತ್ತರದ ಬಾಯಿಯಿಂದ ಸುಮಾರು 2,800 ಮೀಟರ್ ಮೇಲಕ್ಕೆ ಚಿಮ್ಮುತ್ತೀಯೆ. ಉತ್ತರದಿಂದ ಜಿಗಿದರೆ ದಕ್ಷಿಣದ ಬಾಯಿಗೆ ಅಷ್ಟೇ ದೂರವಿರುವಾಗ ನಿಂತು, ವಾಪಸು ಬೀಳುತ್ತೀಯೆ. ಟಿಕೆಟ್ ತೆಗೆಯುವಾಗ ಯಾವ ತುದಿ ಎಂದು ನೋಡಿಕೋ.

‘ಸುಮಾರು’ ಎಂಬ ಮಾತು ಇಷ್ಟೊಂದು ಸಲ ಬಂದದ್ದು ನಿನಗೆ ಕಿರಿಕಿರಿ ಎನಿಸಬಹುದು. ಅಂದಾಜಿಗೆ ಅದರದೇ ಘನತೆಯಿದೆ. 1945ರ ಜುಲೈ 16ರಂದು ಮೊದಲ ಅಣುಬಾಂಬನ್ನು ಪರೀಕ್ಷಿಸಿದಾಗ, ಭೌತವಿಜ್ಞಾನಿ ಎನ್ರಿಕೊ ಫರ್ಮಿ ಕಾಗದದ ಚೂರುಗಳನ್ನು ಕೈಯಿಂದ ಉದುರಿಸಿ, ಸ್ಫೋಟದ ಅಲೆಗೆ ಅವು ಎಷ್ಟು ದೂರ ಸರಿದವೆಂದು ನೋಡಿದರು. ಸುಮಾರು ಎರಡೂವರೆ ಮೀಟರ್. ಅಷ್ಟರಿಂದಲೇ ಸ್ಫೋಟದ ಬಲ 10,000 ಟನ್ ಸಿಡಿಮದ್ದಾದ ಟಿಎನ್‌ಟಿಗೆ ಸಮ ಎಂದರು. ನಿಜವಾದ ಬಲ ಅದರ ಎರಡು ಪಟ್ಟಿಗೆ ಸ್ವಲ್ಪ ಮೇಲೆ. ಸಂದರ್ಭ ಘೋರವಾದದ್ದು, ಆದರೆ ಚೂರು ಕಾಗದ ಹೇಳಿದ ಉತ್ತರಕ್ಕೆ ಆ ಮಟ್ಟದ ತಪ್ಪು ಏನೇನೂ ಅಲ್ಲ.

ಮೂರನೆಯ ಪ್ರಶ್ನೆ, ನಿನ್ನನ್ನು ಎತ್ತಲು ಎಷ್ಟು ಬಲೂನು ಬೇಕೆಂಬುದು. ಅದನ್ನು ನಿನಗೇ ಬಿಡುತ್ತೇನೆ, ನಿನ್ನ ಈಗಿನ ತೂಕ ನಿನಗೇ ಗೊತ್ತು. ಒಂದು ಲೀಟರ್ ಹೀಲಿಯಂ ಸುಮಾರು ಒಂದು ಗ್ರಾಂ ಎತ್ತುತ್ತದೆ. ಸಾಧಾರಣ ಬಲೂನಿನಲ್ಲಿ 14 ಲೀಟರ್ ಎಂದಿಟ್ಟುಕೋ. ರಬ್ಬರಿನ ತೂಕ, ದಾರದ ತೂಕ ಕಳೆಯುವುದನ್ನು ಮರೆಯಬೇಡ. ಕೆಳಗಿಳಿಯುವುದು ಹೇಗೆಂದು ಯೋಚಿಸಿಲ್ಲವಾದರೆ ಅದು ನಾಲ್ಕನೆಯ ಪ್ರಶ್ನೆ, ಏರುವ ಮೊದಲು ಕೇಳು.

ನಿನ್ನ
ಅಮ್ಮ